ಒಂದು ವಾರದ ಆಟಕ್ಕೆ ಒಂದು ಕಂಪಾಸ್ ಬಾಕ್ಸ್: ಎಲ್‌ಡಿ (ಕಲಿಕಾ ನ್ಯೂನತೆ) ಇರುವ ಮಗನಿಗೆ ಗೆಳೆತನ ಕಲಿಸೋದು ಹೇಗೆ?

ಬೆಣ್ಣೆದೋಸೆ ಅಮ್ಮ · ಸೋಮವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮಗನಿಗೆ 11 ವರ್ಷ, ಆರನೇ ಕ್ಲಾಸು. ನಾವಿರೋದು ದಾವಣಗೆರೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಅಂತ ಗೊತ್ತಾಯಿತು. ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡುತ್ತಿದ್ದ. 'ಅಕ್ಕ' ಬರಿ ಅಂದರೆ 'ಅಕ' ಬರೆದು ನನ್ನ ಮುಖ ನೋಡುತ್ತಿದ್ದ. ಈಗ ವಾರಕ್ಕೆ ಮೂರು ದಿನ ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗುತ್ತಾನೆ. ಓದು ನಿಧಾನಕ್ಕೆ ದಾರಿಗೆ ಬರುತ್ತಿದೆ. ನನ್ನ ಚಿಂತೆ ಓದಿನದಲ್ಲ.

ಜೂನ್‌ನಿಂದ ಮೂರು ಕಂಪಾಸ್ ಬಾಕ್ಸ್ 'ಕಳೆದುಹೋಗಿವೆ'. ಎರಡು ಸಲ ನಾನು ಬೈದೆ. ಮೂರನೇ ಸಲ ಅವರಪ್ಪ ಒಂದೇಟು ಹಾಕಿದರು. ಮೊನ್ನೆ ಮಾರ್ಕೆಟ್ಟಿನಲ್ಲಿ ಅವನ ಕ್ಲಾಸಿನ ಹುಡುಗನ ಅಮ್ಮ ಸಿಕ್ಕರು. "ನಿಮ್ಮ ಮಗ ನಮ್ಮವನಿಗೆ ಹೊಸ ಕಂಪಾಸ್ ಬಾಕ್ಸ್ ಕೊಟ್ಟಿದಾನೆ, ವಾಪಸ್ ಕಳಿಸ್ಲಾ?" ಅಂದರು. ಮನೆಗೆ ಬಂದು ಮೆಲ್ಲಗೆ ಕೇಳಿದೆ. "ಕೊಟ್ರೆ ಒಂದು ವಾರ ಲಗೋರಿಗೆ ಸೇರಿಸ್ಕೊಳ್ತಾರೆ" ಅಂದ. ಗಣಿತದಲ್ಲಿ ಪಾಸಾಗೋಕೆ ಒದ್ದಾಡುವ ಹುಡುಗ, ಈ ಲೆಕ್ಕ ಮಾತ್ರ ಸರಿಯಾಗಿ ಇಟ್ಟುಕೊಂಡಿದ್ದಾನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನು ಕೆಟ್ಟ ಹುಡುಗ ಅಲ್ಲ. ಆದರೆ ಇಬ್ಬರು ಮಾತಾಡುತ್ತಿದ್ದರೆ ನಡುವೆ ನುಗ್ಗುತ್ತಾನೆ. ಜೋಕ್ ಹೇಳೋಕೆ ಹೋಗಿ ಮುಗಿಯೋ ಮೊದಲೇ ತಾನೇ ನಗುತ್ತಾನೆ. ಯಾರಾದರೂ ವ್ಯಂಗ್ಯವಾಗಿ "ಬಾರಪ್ಪಾ ಹೀರೋ" ಅಂದರೆ ನಿಜಕ್ಕೂ ಖುಷಿಪಟ್ಟು ಹೋಗುತ್ತಾನೆ. ನಾನು "ನೋಡೋಣ" ಅಂದರೆ 'ಇಲ್ಲ' ಅಂತ ಅವನಿಗೆ ಅರ್ಥ ಆಗಲ್ಲ. ದಿನಾ ಬಂದು "ನೋಡಿದ್ಯಾ ಅಮ್ಮಾ?" ಅಂತ ಕೇಳುತ್ತಾನೆ.

ಇಲ್ಲೊಂದು ಸೆಂಟರಿನವರು 'ಸೋಷಿಯಲ್ ಸ್ಕಿಲ್ಸ್ ಗ್ರೂಪ್' ಅಂತ ತಿಂಗಳಿಗೆ ಆರು ಸಾವಿರ ಕೇಳುತ್ತಿದ್ದಾರೆ. ಸೇರಿಸಲಾ? ಇದನ್ನೆಲ್ಲ ಕಲಿಸೋಕೆ ಆಗುತ್ತಾ, ಇಲ್ಲಾ ತಾನಾಗೇ ಬರಬೇಕಾ?

ಮಲ್ನಾಡ್ ಮಳೆ · 10:41

ಎಲ್ಲ ಮಕ್ಕಳೂ ಹೀಗೇ ಮೇಡಂ. ನಾನೂ ಪೆನ್ಸಿಲ್ ಕೊಟ್ಟು ಫ್ರೆಂಡ್ಸ್ ಮಾಡ್ಕೊಂಡವನೇ. ಬೆಳೀತಾ ಬೆಳೀತಾ ಸರಿಹೋಗುತ್ತೆ. ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಕೋಲಾರದ ಅಪ್ಪ · 10:48

ಮಳೆಯವರೇ, ನೀವು ಪೆನ್ಸಿಲ್ ಕೊಟ್ಟಿದ್ದು ಒಂದು ಸಲ. ಈ ಹುಡುಗ ಬಾಡಿಗೆ ಕಟ್ಟುತ್ತಿದ್ದಾನೆ. ವ್ಯತ್ಯಾಸ ಇದೆ ಅಲ್ವಾ?

ಲೆಕ್ಕ ಪಕ್ಕಾ · 10:55

ಆರು ಸಾವಿರ ಕೊಡಬೇಡಿ. ಯಾಕೆ ಅಂತ ನಾಳೆ ಬರೆಯುತ್ತೇನೆ, ಈಗ ಬಸ್ಸಿನಲ್ಲಿದ್ದೇನೆ.

ಹಳೇ ಪೇಪರ್ · 11:02

ಇಂಥ ಮಕ್ಕಳಿಗೆ ಬುದ್ಧಿಮಾಂದ್ಯರ ಶಾಲೆ ಅಂತ ಬೇರೆಯೇ ಇದೆಯಲ್ಲ. ಅಲ್ಲಿ ಸೇರಿಸಿದರೆ ಅವರವರೇ ಸ್ನೇಹಿತರಾಗುತ್ತಾರೆ.

ಗಂಗೋತ್ರಿ ಹಳಬಿ · 11:15

@ಹಳೇ ಪೇಪರ್, ತಪ್ಪು ಮಾಹಿತಿ. ಕಲಿಕಾ ನ್ಯೂನತೆ ಬೇರೆ, ಬುದ್ಧಿಮಾಂದ್ಯ ಬೇರೆ. ಎಲ್‌ಡಿ ಇರುವ ಮಕ್ಕಳ ಬುದ್ಧಿಶಕ್ತಿ ಬೇರೆ ಮಕ್ಕಳಷ್ಟೇ ಇರುತ್ತದೆ, ಕೆಲವರದ್ದು ಇನ್ನೂ ಜಾಸ್ತಿ. ಓದು, ಬರಹ, ಲೆಕ್ಕ ಇಂಥ ಒಂದೆರಡು ಕಡೆ ಮಾತ್ರ ತೊಡಕು. 'ಲರ್ನಿಂಗ್ ಡಿಸೆಬಿಲಿಟಿ' ಅನ್ನುವ ಹೆಸರನ್ನು 1963ರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಯಾಮ್ಯುಯೆಲ್ ಕರ್ಕ್ ಬಳಕೆಗೆ ತಂದಾಗಲೇ ಬುದ್ಧಿಮಾಂದ್ಯವನ್ನು ಅದರಿಂದ ಹೊರಗಿಟ್ಟಿದ್ದರು. ನಮ್ಮ ದೇಶದಲ್ಲಿ 1995ರ ಕಾಯ್ದೆಯಲ್ಲಿದ್ದದ್ದು ಏಳೇ ಬಗೆಯ ಅಂಗವೈಕಲ್ಯ, ಅದರಲ್ಲಿ ಇದು ಇರಲೇ ಇಲ್ಲ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಗ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿತು.

ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಈಗ ಮಕ್ಕಳ ಜೊತೆಯೇ ಕೆಲಸ. ಅಮ್ಮ ಅವರೇ, ನಿಮ್ಮ ಪೋಸ್ಟಿಗೆ ಬೆಳಿಗ್ಗೆ ಉತ್ತರ ಬರೆಯುತ್ತೇನೆ. ಒಂದೇ ಪ್ರಶ್ನೆ: ಮನೆಯಲ್ಲಿ ಅಜ್ಜಿ ಜೊತೆ, ಚಿಕ್ಕ ಮಕ್ಕಳ ಜೊತೆ ಅವನು ಹೇಗಿರುತ್ತಾನೆ?

ಹಳೇ ಪೇಪರ್ · 11:19

ಗೊತ್ತಿರಲಿಲ್ಲ. ಕ್ಷಮಿಸಿ.

ಬೆಣ್ಣೆದೋಸೆ ಅಮ್ಮ · 11:31

ಅಜ್ಜಿ ಜೊತೆ ಚಿನ್ನದಂಥ ಹುಡುಗ. ಎದುರು ಮನೆಯ ಏಳು ವರ್ಷದ ಮಗು ಜೊತೆಯೂ ಚೆನ್ನಾಗಿ ಆಡುತ್ತಾನೆ. ತಾನೇ ನಿಯಮ ಹೇಳಿಕೊಡುತ್ತಾನೆ. ತನ್ನ ವಯಸ್ಸಿನವರು ನಾಲ್ಕೈದು ಜನ ಸೇರಿದರೆ ಮಾತ್ರ ಎಲ್ಲಾ ಎಡವಟ್ಟು.

ಗಂಗೋತ್ರಿ ಹಳಬಿ · ಮಂಗಳವಾರ ಬೆಳಿಗ್ಗೆ 7:50

ಹಾಗಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಕೆಲವು ಮಕ್ಕಳಿಗೆ ಏನು ಮಾಡಬೇಕು ಅನ್ನೋದೇ ಗೊತ್ತಿರಲ್ಲ. ಕೆಲವರಿಗೆ ಗೊತ್ತಿರುತ್ತೆ, ಆ ಹೊತ್ತಿಗೆ ಕೈಗೆ ಬರಲ್ಲ. ಮೊದಲನೆಯವರಿಗೆ ಕಲಿಸಬೇಕು. ಎರಡನೆಯವರಿಗೆ ಮತ್ತೆ ಪಾಠ ಮಾಡಿ ಪ್ರಯೋಜನ ಇಲ್ಲ, ಅವಕಾಶ ಬೇಕು. ನಿಮ್ಮ ಮಗ ಹೆಚ್ಚಾಗಿ ಎರಡನೇ ಗುಂಪಿನವನು ಅನಿಸುತ್ತೆ. ಎಳೆ ಮಗುವಿಗೆ ನಿಯಮ ಹೇಳಿಕೊಡುತ್ತಾನೆ ಅಂದರೆ ನಿಯಮ ಗೊತ್ತಿದೆ.

ಐದು ಜನರ ನಡುವೆ ಏನಾಗುತ್ತೆ ಅಂದರೆ, ಮಾತು ಓಡುತ್ತೆ. ಇವನು ಒಂದು ಮಾತನ್ನು ಕೇಳಿ, ಅರ್ಥ ಮಾಡ್ಕೊಂಡು, ಉತ್ತರ ಜೋಡಿಸುವಷ್ಟರಲ್ಲಿ ಅವರು ಮೂರನೇ ವಿಷಯಕ್ಕೆ ಹೋಗಿರುತ್ತಾರೆ. ಆಗ ಇವನ ಮಾತು ನಡುವೆ ನುಗ್ಗಿದ ಹಾಗೆ ಕಾಣುತ್ತೆ. ಅವನ ಪ್ರಕಾರ ಅವನು ಸರಿಯಾದ ಹೊತ್ತಿಗೇ ಮಾತಾಡಿದ್ದಾನೆ.

ಹಾಗಾಗಿ ಐದು ಜನ ಬೇಡ. ಒಬ್ಬನನ್ನು ಕರೆಸಿ. ಒಬ್ಬನೇ ಹುಡುಗ, ಒಂದೇ ಆಟ, ಒಂದೇ ಗಂಟೆ. ಇಬ್ಬರೂ ಚೆನ್ನಾಗಿ ಆಡುತ್ತಿರುವಾಗಲೇ ಮುಗಿಸಿ ಕಳಿಸಿ. ಜಗಳ ಆಗುವವರೆಗೆ ಎಳೆಯಬೇಡಿ.

ಲೆಕ್ಕ ಪಕ್ಕಾ · 9:05

ನಿನ್ನೆ ಹೇಳಿದ್ದಕ್ಕೆ ವಿವರ. 1996ರಲ್ಲಿ ಕವಾಲೆ ಮತ್ತು ಫೋರ್ನೆಸ್ ಅನ್ನುವ ಇಬ್ಬರು ಅಮೆರಿಕನ್ ಸಂಶೋಧಕರು 152 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್‌ಡಿ ಇರುವ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೆ ಬೇರೆಯವರ ಜೊತೆ ಬೆರೆಯೋದರಲ್ಲೂ ತೊಂದರೆ ಇದೆ ಅಂತ ಸಿಕ್ಕಿತು. ಅದನ್ನೇ ಸೆಂಟರಿನವರು ಪಾಂಪ್ಲೆಟ್‌ನಲ್ಲಿ ಹಾಕ್ತಾರೆ. ಆದರೆ ಅದೇ ಇಬ್ಬರು, ಅದೇ ವರ್ಷ, ಈ ತರಬೇತಿಯಿಂದ ಎಷ್ಟು ಉಪಯೋಗ ಅಂತ 53 ಅಧ್ಯಯನಗಳನ್ನು ನೋಡಿದರು. ಸಿಕ್ಕಿದ್ದು ತೀರಾ ಸಣ್ಣ ಫಲ. ಅದನ್ನ ಯಾರೂ ಪಾಂಪ್ಲೆಟ್‌ನಲ್ಲಿ ಹಾಕಲ್ಲ.

ಎಸಿ ರೂಮಲ್ಲಿ ಕೂತು 'ಹಾಯ್ ನನ್ನ ಹೆಸರು' ಅಂತ ಕಲಿತದ್ದು ಎಸಿ ರೂಮಲ್ಲೇ ಉಳಿಯುತ್ತೆ. ಲಗೋರಿ ಮೈದಾನಕ್ಕೆ ಬರಲ್ಲ.

ಗಂಗೋತ್ರಿ ಹಳಬಿ · 9:22

ಲೆಕ್ಕ ಅವರೇ, ಅಂಕಿ ಸರಿ. ಆದರೆ ಆ ಅಧ್ಯಯನಗಳಲ್ಲಿ ಎಷ್ಟೋ ತರಬೇತಿಗಳು ಕೆಲವೇ ವಾರಗಳದ್ದು. ಕೆಲವೇ ವಾರದಲ್ಲಿ ಯಾರು ಬದಲಾಗ್ತಾರೆ? ನೀವು ಆಗ್ತೀರಾ?

ಲೆಕ್ಕ ಪಕ್ಕಾ · 9:24

ನಾನು ಮದುವೆಯಾಗಿ 19 ವರ್ಷದಿಂದ ಆಗಿಲ್ಲ. ಒಪ್ಪಿದೆ.

ಗಂಗೋತ್ರಿ ಹಳಬಿ · 9:30

😄 ಸೆಂಟರುಗಳೆಲ್ಲ ಮೋಸ ಅನ್ನಬೇಡಿ, ಅಷ್ಟೆ. ಹೋಗಿ ಎರಡು ಮಾತು ಕೇಳಿ: ಶಾಲೆಯ ಟೀಚರ್ ಜೊತೆ ನೀವು ಮಾತಾಡ್ತೀರಾ? ಈ ತಿಂಗಳು ನನ್ನ ಮಗನಿಗೆ ಕಲಿಸುವ ಒಂದೇ ಒಂದು ಸಂಗತಿ ಯಾವುದು? ಎರಡನೆಯದಕ್ಕೆ "ಕಾನ್ಫಿಡೆನ್ಸ್ ಬರುತ್ತೆ" ಅಂತ ಉತ್ತರ ಬಂದರೆ ಎದ್ದು ಬನ್ನಿ.

ಚಾಕ್‌ಪೀಸ್ ಮೇಷ್ಟ್ರು · 1:10

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆ, 17 ವರ್ಷದ ಸರ್ವಿಸ್.

ನಮ್ಮಲ್ಲೂ ಇಂಥ ಒಬ್ಬ ಹುಡುಗ ಇದ್ದ. ಕಬಡ್ಡಿಗೆ ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಿದ್ದರು. ದಿನಾ ಕೊನೆಗೆ ಉಳಿಯುವವನು ಇವನೇ. ಕೊನೆಗೆ "ಅವನ್ನ ನೀವೇ ಇಟ್ಕೊಳ್ರೋ" ಅಂತ ಒಂದು ಕಡೆಯವರು ಇನ್ನೊಂದು ಕಡೆಗೆ ತಳ್ಳೋದು. ನಾನು ಎರಡು ವರ್ಷ ಅದನ್ನು ನೋಡುತ್ತಾ ಸೀಟಿ ಊದುತ್ತಿದ್ದೆ. ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ನಿಜ ಹೇಳ್ತೀನಿ. ಒಂದು ದಿನ ಅವನು "ಸಾರ್, ನಾನು ಸ್ಕೋರ್ ಬರೀಲಾ?" ಅಂದ. ಬರೆಯೋದು ಅಂದರೆ ಓಡಿಹೋಗುವ ಹುಡುಗ ಸ್ಕೋರ್ ಬರೀತೀನಿ ಅಂತಾನಲ್ಲ, ಆಗ ಹೊಳೀತು.

ಮರುದಿನದಿಂದ ಆರಿಸೋದೇ ನಿಲ್ಲಿಸಿದೆ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು. ಒಂದು ಅಂದವರು ಈ ಕಡೆ, ಎರಡು ಅಂದವರು ಆ ಕಡೆ. ಮುಗೀತು. ಖರ್ಚು ಸೊನ್ನೆ.

ಅಮ್ಮ ಅವರೇ, ನೀವು ಮಗನನ್ನು ಬದಲಾಯಿಸೋಕೆ ನೋಡುತ್ತಿದ್ದೀರಿ. ಮೊದಲು ಕ್ಲಾಸ್ ಟೀಚರ್ ಹತ್ತಿರ ಹೋಗಿ. ಕಂಪಾಸ್ ಬಾಕ್ಸ್ ವಿಷಯ ಹೇಳಿ. ಆದರೆ ಆ ಹುಡುಗರ ಹೆಸರು ಹೇಳಿ ಬೈಸಬೇಡಿ. ಬೈಸಿದರೆ ನಿಮ್ಮ ಮಗ 'ಚಾಡಿಕೋರ' ಆಗುತ್ತಾನೆ. ಅದಕ್ಕಿಂತ ದೊಡ್ಡ ಶಿಕ್ಷೆ ಆರನೇ ಕ್ಲಾಸಿನಲ್ಲಿ ಇಲ್ಲ.

ಧಾರವಾಡ ಪೇಢೆ · 1:25

ಮೇಷ್ಟ್ರೆ ಅಗದೀ ಖರೆ ಹೇಳಿದ್ರಿ. ನಾವು ಸಣ್ಣವರಿದ್ದಾಗ ಜೋಡಿ ಜೋಡಿ ಆಗಿ ದೂರ ಹೋಗಿ ಗುಟ್ಟಿನ ಹೆಸರು ಇಟ್ಟುಕೊಂಡು ಬರುತ್ತಿದ್ದಿವಿ. "ಉಪ್ಪು ಬೇಕೋ ಸಕ್ಕರೆ ಬೇಕೋ?" ನಾಯಕ ಯಾವ ಹೆಸರು ಅಂತಾನೋ ಅವನ ಕಡೆ. ಯಾರು ಯಾವುದು ಗೊತ್ತೇ ಆಗಲ್ಲ. ಎಷ್ಟು ಚಂದ ಪದ್ಧತಿ ಇತ್ತು!

ತಿರುಗಿದ ಳ · 1:33

ಚಂದವೇ. ಆದರೆ ಜೋಡಿಯಾಗೋಕೆ ಒಬ್ಬ ಸಿಗಬೇಕಲ್ಲ.

ಧಾರವಾಡ ಪೇಢೆ · 1:36

...ಹೌದರಿ. ಅದು ತಲೆಗೇ ಬರಲಿಲ್ಲ ನನಗ.

ಸುಮ್ನೆ ಓದ್ತೀನಿ · 1:50

ನಮ್ಮ ಬೀದಿಯಲ್ಲಿ ಅಂಥವರನ್ನು ಸೇರಿಸ್ಕೊಳ್ತಿದ್ವಿ, 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ. ಔಟಾದರೂ ಔಟಲ್ಲ. ಅದು ದಯೆ ಅಂದುಕೊಂಡಿದ್ದೆ ಇಷ್ಟು ದಿನ.

ತಿರುಗಿದ ಳ · 3:40

ಇದನ್ನ ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಫೋನಿನ ತಪ್ಪು.

ನನಗೆ 34 ವರ್ಷ. ಸ್ವಂತ ಗ್ಯಾರೇಜ್ ಇದೆ, ಟೂವೀಲರ್. ನನಗೆ ಡಿಸ್ಲೆಕ್ಸಿಯಾ ಇದೆ ಅಂತ ಗೊತ್ತಾಗಿದ್ದು 27ಕ್ಕೆ. ಅಲ್ಲಿವರೆಗೆ ನನ್ನ ಹೆಸರು 'ದಡ್ಡ'. ನಾನು ಕೊಟ್ಟಿದ್ದು ಗೋಲಿ. ಚೀಲದ ತುಂಬಾ ಇತ್ತು, ಖಾಲಿಯಾದ ದಿನ ಫ್ರೆಂಡ್ಸೂ ಖಾಲಿ.

ನನಗೆ ಜನರ ಜೊತೆ ಇರೋದು ಕಲಿಸಿದ್ದು ನಮ್ಮ ಸೋದರಮಾವನ ದಿನಸಿ ಅಂಗಡಿ. ಬೇಸಿಗೆ ರಜದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮಾವ ಓದಿದ್ದು ನಾಲ್ಕನೇ ಕ್ಲಾಸು. ಅವರು ಹೇಳುತ್ತಿದ್ದದ್ದು ಇಷ್ಟೇ: "ಮೊದ್ಲು ಗಿರಾಕಿ ಕೈ ನೋಡು, ಆಮೇಲೆ ಮುಖ ನೋಡು." ಕೈಯಲ್ಲಿ ಚೀಲ ಇದ್ದರೆ ಸಾಮಾನು ಜಾಸ್ತಿ, ನಿಧಾನಕ್ಕೆ ಮಾತಾಡಬಹುದು. ಬರಿಗೈ ಇದ್ದರೆ ಬೆಂಕಿಪೊಟ್ಟಣವೋ ಒಂದು ಶಾಂಪೂ ಸ್ಯಾಶೆಯೋ, ಬೇಗ ಕೊಟ್ಟು ಕಳಿಸು. ಹುಬ್ಬು ಗಂಟಿಕ್ಕಿದ್ದರೆ "ಮನೇಲಿ ಎಲ್ಲ ಆರಾಮಾ" ಅಂತ ಕೇಳಬೇಡ. ಯಾರಾದರೂ ಇಬ್ಬರು ಅಂಗಡಿ ಮುಂದೆ ಮಾತಾಡುತ್ತಿದ್ದರೆ ಅವರ ನಡುವೆ ಚಿಲ್ಲರೆ ಚಾಚಬೇಡ. ಒಬ್ಬರು ನಿನ್ನ ಕಡೆ ತಿರುಗುತ್ತಾರೆ, ಆಗ ಕೊಡು.

ಒಂದೇ ಸಲಕ್ಕೆ ಬರಲಿಲ್ಲ. ಅದೇ ಜನ ದಿನಾ ಬರುತ್ತಿದ್ದರು. ಇವತ್ತು ತಪ್ಪಿದರೆ ನಾಳೆ ಅದೇ ಗಿರಾಕಿ ಮೇಲೆ ಮತ್ತೆ ಪ್ರಯತ್ನ. ಶಾಲೆಯಲ್ಲಿ ಆ ಎರಡನೇ ಚಾನ್ಸ್ ಯಾರೂ ಕೊಡುತ್ತಿರಲಿಲ್ಲ. ಮೂರನೇ ಬೇಸಿಗೆಗೆ ನಾನು ಒಬ್ಬನೇ ಅಂಗಡಿ ನೋಡ್ಕೊಂಡೆ. ಇವತ್ತಿಗೂ ಗ್ಯಾರೇಜಿಗೆ ಯಾರಾದರೂ ಬಂದರೆ ಮೊದಲು ಕೈ ನೋಡುತ್ತೇನೆ. ಹೆಲ್ಮೆಟ್ ಕೈಯಲ್ಲಿದ್ದರೆ ಕಾಯ್ತಾರೆ, ತಲೆ ಮೇಲೇ ಇದ್ದರೆ ಅವಸರ.

ಮಲ್ನಾಡ್ ಮಳೆ · 3:52

ಹೆಲ್ಮೆಟ್ ಮಾತು ನಾನು ಕದ್ದೆ. ನಮ್ಮ ಕಾಫಿ ಅಂಗಡಿಗೂ ಆಗುತ್ತೆ. ನಿನ್ನೆ ಸುಮ್ನೆ 'ಸರಿಹೋಗುತ್ತೆ' ಅಂದುಬಿಟ್ಟಿದ್ದೆ, ಅದನ್ನ ವಾಪಸ್ ತಗೊಳ್ತೀನಿ ಮೇಡಂ.

ಕೋಲಾರದ ಅಪ್ಪ · 8:30

ನಮ್ಮ ಮಗಳಿಗೆ 12. ಎಲ್‌ಡಿ, ಜೊತೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ). ನಾವು ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ, 'ಪಂಚನಾಮೆ' ಅಂತ ಹೆಸರು. ಏನಾದರೂ ಎಡವಟ್ಟಾದರೆ ಬೈಯೋದಿಲ್ಲ. ಕೂತು ಸ್ಥಳ ಮಹಜರು ಮಾಡ್ತೀವಿ.

ಮೇ ತಿಂಗಳಲ್ಲಿ ಒಂದು ಗೃಹಪ್ರವೇಶ. ಬಾಳೆ ಎಲೆ ಊಟ. ಇವಳದ್ದು ಬೇಗ ಮುಗೀತು, ಎಲೆ ಮಡಚಿ ಎದ್ದೇಬಿಟ್ಟಳು. ಪಕ್ಕದಲ್ಲಿ ಒಬ್ಬರು ತಾತ ಇನ್ನೂ ಮೊಸರನ್ನ ಕಲಸುತ್ತಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಹಳೇ ನಾನಾಗಿದ್ದರೆ ಅಲ್ಲೇ ಗದರುತ್ತಿದ್ದೆ. ಆಟೋದಲ್ಲಿ ಬರುವಾಗ ಕೇಳಿದೆ:

"ಏನಾಯ್ತು?"
"ಊಟ ಮುಗೀತು, ಎದ್ದೆ."
"ಆಮೇಲೆ?"
"ಎಲ್ಲಾ ನೋಡಿದ್ರು."
"ಯಾರಿಗೆ ಬೇಜಾರಾಗಿರಬಹುದು?"
"ಬಡಿಸೋರಿಗಾ?"
"ಅಲ್ಲ."
ಎರಡು ನಿಮಿಷ ಯೋಚನೆ. "ಆ ತಾತಂಗೆ. ಅವ್ರು ಅನ್ನ ಬಿಟ್ಟು ಎದ್ಬಿಟ್ರು."

ಅದನ್ನ ನಾನೇ ನೋಡಿರಲಿಲ್ಲ! ಅವಳಿಗೆ ಕಂಡಿದೆ, ಅರ್ಥ ಮಾತ್ರ ಜೋಡಣೆ ಆಗಿರಲಿಲ್ಲ. "ಮುಂದಿನ ಸಲ?" ಅಂದೆ. "ಕೈ ಎಲೆ ಪಕ್ಕ ಇಟ್ಕೊಂಡು ದೊಡ್ಡೋರು ಏಳೋದನ್ನ ನೋಡ್ತೀನಿ." ಶ್ರಾವಣದಲ್ಲಿ ಒಂದು ಪೂಜೆ ಊಟಕ್ಕೆ ಹೋದಾಗ ಅವಳ ತಮ್ಮ ಏಳೋಕೆ ಹೊರಟ. ಇವಳು ಅವನ ಅಂಗಿ ಹಿಡಿದು ಕೂರಿಸಿದಳು.

ಗಂಗೋತ್ರಿ ಹಳಬಿ · 8:44

ಅಯ್ಯೋ, ಇದಕ್ಕೆ ನಮ್ಮ ಕ್ಷೇತ್ರದಲ್ಲಿ ಹೆಸರೇ ಇದೆ. ಅಮೆರಿಕದ ರಿಕ್ ಲವಾಯ್ ಅನ್ನುವ ಶಿಕ್ಷಕರು 'ಸೋಷಿಯಲ್ ಆಟಾಪ್ಸಿ' ಅಂತ ಕರೆದರು. ನೀವು ಮಾಡಿದ್ದು ಅದೇ. ಏನಾಯಿತು, ಎಲ್ಲಿ ತಪ್ಪಿತು, ಯಾರಿಗೆ ನೋವಾಯಿತು, ಮುಂದಿನ ಸಲ ಏನು. ಅವರು ಒತ್ತಿ ಹೇಳೋದು: ಆದ ಕೂಡಲೇ ಮಾಡಿ, ಶಿಕ್ಷೆ ಮಾಡಬೇಡಿ, ಮಗು ಚೆನ್ನಾಗಿ ನಡೆದುಕೊಂಡಾಗಲೂ ಮಾಡಿ. ಶಾಲೆಯ ಬಸ್ ಡ್ರೈವರ್‌ಗೂ ಇದನ್ನ ಕಲಿಸಿ ಅನ್ನುತ್ತಾರೆ.

ಸುಮ್ನೆ ಓದ್ತೀನಿ · 8:50

ಆಟಾಪ್ಸಿ ಅಂದರೆ ಪೋಸ್ಟ್‌ಮಾರ್ಟಂ ಅಲ್ವಾ? ಮಕ್ಕಳ ವಿಷಯಕ್ಕೆ ಎಂಥ ಹೆಸರು. ಕೋಲಾರದವರ ಪಂಚನಾಮೆಯೇ ವಾಸಿ.

ಲೆಕ್ಕ ಪಕ್ಕಾ · 8:53

ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕು. ತಮ್ಮನ ಸಹಿ ಹಾಕಿಸಿ.

ನ್ಯೂಜೆರ್ಸಿ ಕನ್ನಡತಿ · ಬುಧವಾರ ಬೆಳಿಗ್ಗೆ 6:15

ಇಲ್ಲಿ ಎಲ್‌ಡಿ ಇರುವ ಮಗುವಿಗೆ ಶಾಲೆಯೇ ಐಇಪಿ ಅಂತ, ಆ ಮಗುವಿಗೇ ಹೊಂದುವ ಕಲಿಕೆಯ ಯೋಜನೆ ಬರೆದುಕೊಡುತ್ತದೆ. ಅದು ಕಾನೂನು. ಓದಿನ ಗುರಿ ಜೊತೆಗೆ ಗೆಳೆತನದ ಗುರಿಯನ್ನೂ ಸೇರಿಸಿ ಅಂತ ಕೇಳಬಹುದು. ನನ್ನ ಮಗನಿಗೆ ವಾರಕ್ಕೊಮ್ಮೆ ಕೌನ್ಸೆಲರ್ ರೂಮಲ್ಲಿ ಮೂವರು ಮಕ್ಕಳ ಜೊತೆ ಊಟ. ಪಾಠ ಏನೂ ಇಲ್ಲ, ಸುಮ್ನೆ ಊಟ. ಸಂತೋಷದ ಕಥೆ ಅಂದುಕೊಳ್ಳಬೇಡಿ. ಇವನು ಮನೆಯಲ್ಲಿ ಕನ್ನಡದಲ್ಲಿ ಗಲಗಲ ಮಾತಾಡ್ತಾನೆ, ಅಲ್ಲಿ ಇಂಗ್ಲಿಷಿನಲ್ಲಿ ಬಾಯಿ ಬಿಡೋದಿಲ್ಲ. ಒಂದು ವರ್ಷ ಹಿಡಿಯಿತು.

ಚಾಕ್‌ಪೀಸ್ ಮೇಷ್ಟ್ರು · 6:40

ಮೂವರು ಮಕ್ಕಳು! ಇಲ್ಲಿ ಒಂದೇ ಕೋಣೆಯಲ್ಲಿ ಎರಡು ಕ್ಲಾಸು ನಡೆಸುತ್ತೇನೆ ತಾಯಿ. ಬ್ಲಾಕಿಗೆ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರು ಇದ್ದಾರೆ, ಒಳ್ಳೆಯವರು. ಆದರೆ ಅವರ ಪಾಲಿಗೆ ಇರುವ ಶಾಲೆಗಳ ಸಂಖ್ಯೆ ನೋಡಿದರೆ ಪಾಪ ಅನಿಸುತ್ತೆ. ಆದರೂ ಆ ಊಟದ ಉಪಾಯ ಚೆನ್ನಾಗಿದೆ. ನಮ್ಮಲ್ಲಿ ಬಿಸಿಯೂಟ ಇದೆಯಲ್ಲ. ಸಾಲು ನಾನೇ ಕೂರಿಸಿದರಾಯ್ತು.

ಉಡುಪಿ ಮನೆ · 9:10

ಕಾನೂನು ನಮ್ಮಲ್ಲೂ ಇದೆ, ಸ್ವಾಮಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ ಇಂಥವರನ್ನು ಗುರುತಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯೋದನ್ನೂ ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸುತ್ತೆ. ನನ್ನ ಮಗಳ ಶಾಲೆಯಲ್ಲಿ (ಹೆಸರು ಬೇಡ) ಟೀಚರೊಬ್ಬರು ಅವಳ ನೋಟ್‌ಬುಕ್ ಎತ್ತಿ ಹಿಡಿದು "ಇದು ಯಾವ ಭಾಷೆ ಹೇಳಿ ನೋಡುವ" ಅಂತ ಕ್ಲಾಸಿಗೆ ಕೇಳಿದ್ದರು. ಆ ದಿನದಿಂದ ಅವಳ ಪಕ್ಕ ಯಾರೂ ಕೂತಿಲ್ಲ. ಟೀಚರ್ ನಗಾಡಿದ ಮಗುವಿನ ಪಕ್ಕ ಯಾರು ಕೂರುತ್ತಾರೆ? ನಾವು ಮಗಳಿಗೆ ಸ್ಕಿಲ್ ಕಲಿಸೋಕೆ ಓಡಾಡಿದೆವು. ಕಲಿಯಬೇಕಿದ್ದವರು ಬೇರೆ.

ಈಗ ಎಂಟನೇ ಕ್ಲಾಸು, ಬೇರೆ ಶಾಲೆ. ಅಲ್ಲಿ ಹೊಸ ತೊಂದರೆ, ವಾಟ್ಸಾಪ್ ಗ್ರೂಪು. ಹುಡುಗಿಯರು ಪಟಪಟ ಟೈಪ್ ಮಾಡ್ತಾರೆ. ಇವಳು ಓದಿ ಮುಗಿಸುವಷ್ಟರಲ್ಲಿ ನಲವತ್ತು ಮೆಸೇಜು. ಒಬ್ಬಳ ಅಜ್ಜ ತೀರಿಕೊಂಡ ಮೆಸೇಜಿಗೆ ಚಪ್ಪಾಳೆ ಸ್ಟಿಕರ್ ಹಾಕಿಬಿಟ್ಟಿದ್ದಳು. ಮೇಲಿನ ಯಾವುದೋ ಮೆಸೇಜಿಗೆ ಹಾಕಿದ್ದು, ಪಾಪ.

ತಿರುಗಿದ ಳ · 9:25

ಗ್ರೂಪಲ್ಲಿ ವಾಯ್ಸ್ ಮೆಸೇಜ್ ಹಾಕೋಕೆ ಹೇಳಿ. ಓದಿ ಹೇಳುವ ಸೌಲಭ್ಯ ಫೋನಿನ ಸೆಟ್ಟಿಂಗ್ಸಲ್ಲಿ ಇದೆ, ಕನ್ನಡವನ್ನೂ ಓದುತ್ತೆ. ಒಬ್ಬಳು ಗೆಳತಿಗೆ ನಿಜ ಹೇಳಿಬಿಡಲಿ: "ನಾನು ನಿಧಾನ ಓದ್ತೀನಿ, ಮುಖ್ಯ ಆದ್ರೆ ಫೋನ್ ಮಾಡು." ನಾನು 27 ವರ್ಷ ಮುಚ್ಚಿಟ್ಟೆ. ಹೇಳಿದ ದಿನ ಯಾರೂ ನಗಲಿಲ್ಲ.

ಧಾರವಾಡ ಪೇಢೆ · 9:40

ಸ್ವಲ್ಪ ಬೇರೆ ವಿಷಯ. ನನ್ನ ತಂಗಿ ಮಗ ಇಂಥವನೇ, ಬೆಂಗಳೂರಿನಾಗ ಶಾಲಿ. ಹೆಡ್‌ಮಿಸ್‌ಗೆ "ನೀ ಎಲ್ಲಿ ಹೊಂಟಿ?" ಅಂದಾನ. ದೊಡ್ಡ ಗದ್ದಲ. ನಮ್ಮ ಮನಿಯಾಗ ಅವ್ವಗೂ ಅಜ್ಜಿಗೂ 'ನೀ' ಅಂತೀವಿ, ಹೊರಗಿನವರಿಗೆ ಒಂದು 'ರೀ' ಹಚ್ಚಿದ್ರ ಮುಗೀತು. ಅಲ್ಲಿ 'ನೀವು, ಬನ್ನಿ, ಹೋಗಿ' ಅಂತ ಪೂರ್ತಿ ಕ್ರಿಯಾಪದಾನೇ ಬದಲಿ. ಯಾರಿಗೆ ಏಕವಚನ, ಯಾರಿಗೆ ಬಹುವಚನ ಅಂತ ಉಳಿದ ಹುಡುಗರು ಕೇಳಿ ಕೇಳಿ ಹಿಡೀತಾರ. ಇವನು ಹಿಡಿಯಲಿಲ್ಲ.

ಉಡುಪಿ ಮನೆ · 9:48

ನಮ್ಮ ಕಡೆಯವರು ಬೆಂಗಳೂರಿಗೆ ಬಂದರೆ "ಪುಸ್ತಕ ಓದಿದ ಹಾಗೆ ಮಾತಾಡ್ತೀರಿ" ಅಂತ ನಗ್ತಾರೆ. ಒಟ್ಟು ಎಲ್ಲಿ ಹೋದರೂ ನಗುವವರು ಇದ್ದಾರೆ.

ಗಂಗೋತ್ರಿ ಹಳಬಿ · 10:05

ಇದು ಬೇರೆ ವಿಷಯ ಅಲ್ಲವೇ ಅಲ್ಲ! ನಾನು ಇಂಗ್ಲಿಷ್ ವರ್ಕ್‌ಶೀಟ್ ಬಿಟ್ಟು ಇದನ್ನೇ ಕಲಿಸ್ತೀನಿ. "ಊಟ ಆಯ್ತಾ?" ಅಂದರೆ ನಮಸ್ಕಾರ ಅಂತ ಅರ್ಥ, ಏನೇನು ತಿಂದೆ ಅಂತ ಪಟ್ಟಿ ಕೊಡಬೇಡ. ಹೊರಡುವಾಗ "ಹೋಗ್ತೀನಿ" ಅನ್ನಬೇಡ, "ಬರ್ತೀನಿ" ಅನ್ನು. ತಿಂಡಿ ಕೊಟ್ಟರೆ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ತಗೊಳ್ಳಬಹುದು. ಇವು ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮ ಅವರ 'ನೋಡೋಣ' ಕೂಡ ಇದೇ ಪಟ್ಟಿಗೆ. ಅವನ ಜೊತೆ ಒಂದು ನೋಟ್‌ಬುಕ್ ಮಾಡಿ, ಎಡಗಡೆ 'ಹೇಳಿದ್ದು', ಬಲಗಡೆ 'ಅಂದರೆ'. ಬರೆಯೋದು ನೀವು, ಹುಡುಕಿ ತರೋದು ಅವನು.

ಮಲ್ನಾಡ್ ಮಳೆ · 10:11

ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲ ತಗೋಬೇಕು. ಒಂದೇ ಸಲಕ್ಕೆ ಬಿಟ್ಟುಕೊಟ್ಟರೆ ಮಲೆನಾಡಿನಲ್ಲಿ ಆಸೆಬುರುಕ ಅಂತಾರೆ.

ಲೆಕ್ಕ ಪಕ್ಕಾ · 10:12

ಬೆಂಗಳೂರಲ್ಲಿ ಮೊದಲನೇ ಸಲ ಬೇಡ ಅಂದರೆ ತಟ್ಟೆ ಒಳಗೆ ಹೋಗುತ್ತೆ. ಊರಿಗೊಂದು ನೋಟ್‌ಬುಕ್ ಮಾಡಿಸಿ.

ಬೆಣ್ಣೆದೋಸೆ ಅಮ್ಮ · ಭಾನುವಾರ ಸಂಜೆ 6:30

ಎಲ್ಲ ಓದಿದೆ, ಕೆಲವನ್ನು ಎರಡೆರಡು ಸಲ. ಉತ್ತರ ಬರೆಯೋಕೆ ಪುರುಸೊತ್ತಾಗಲಿಲ್ಲ.

ಗುರುವಾರ ಕ್ಲಾಸ್ ಟೀಚರ್ ಹತ್ತಿರ ಹೋದೆ. ಮೇಷ್ಟ್ರು ಹೇಳಿದ ಹಾಗೆ ಯಾರ ಹೆಸರೂ ಎತ್ತಲಿಲ್ಲ. ಅವರು ಅಷ್ಟೇನೂ ಕಿವಿಗೊಡಲಿಲ್ಲ. "ಮಕ್ಕಳ ಜಗಳ ಮೇಡಂ" ಅಂದರು. ಆದರೆ ಪಿಟಿ ಸರ್ ಅಲ್ಲೇ ಇದ್ದರು, ಒಂದು-ಎರಡು ಎಣಿಸುವ ವಿಷಯ ಕೇಳಿ "ಅದನ್ನ ಮಾಡಬಹುದು" ಅಂದರು.

ಶನಿವಾರ ಒಬ್ಬನನ್ನು ಕರೆಸಿದೆ. ಮಾರ್ಕೆಟ್ಟಿನಲ್ಲಿ ಸಿಕ್ಕವರ ಮಗ, ಕಂಪಾಸ್ ಬಾಕ್ಸ್ ತಗೊಂಡವನೇ. ಬೇರೆ ಯಾರು ಅಂತ ನನಗೆ ಗೊತ್ತಿರಲಿಲ್ಲ. ಆಟ ಚೌಕಾಬಾರ, ಅದನ್ನ ಅಜ್ಜಿ ಹತ್ತಿರ ಕಲಿತು ನನ್ನ ಮಗ ಪಕ್ಕಾ ಆಗಿದ್ದಾನೆ. ಆ ಹುಡುಗನಿಗೆ ಬರುತ್ತಿರಲಿಲ್ಲ. ಹಾಗಾಗಿ ಇವನೇ ಮೇಷ್ಟ್ರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ಕಟ್ಟೆಗೆ ಅಡ್ಡ ಗೀಟು ಹಾಕಿ, "ಕಟ್ಟೇಲಿದ್ರೆ ಹೊಡೆಯೋಹಾಗಿಲ್ಲ" ಅಂತ ಹೇಳಿಕೊಟ್ಟ. ಕವಡೆ ಹಾಕೋದು ಒಬ್ಬರಾದ ಮೇಲೆ ಒಬ್ಬರಲ್ವಾ, ನಡುವೆ ನುಗ್ಗೋಕೆ ಜಾಗವೇ ಇಲ್ಲ! ನನ್ನ ಕವಡೆ ನನ್ನ ಕೈಗೆ ಬರುವವರೆಗೆ ಕಾಯಲೇಬೇಕು. ಇದನ್ನ ನಾನು ಮೊದಲು ಯೋಚಿಸಿಯೇ ಇರಲಿಲ್ಲ.

ನಡುವೆ ಇವನ ಕಾಯಿ ಇನ್ನೇನು ಹಣ್ಣಾಗಬೇಕು, ಆ ಹುಡುಗ ಹೊಡೆದುಬಿಟ್ಟ. ಅಡುಗೆಮನೆಯಲ್ಲಿ ನನ್ನ ಕೈ ನಿಂತುಹೋಯಿತು. ಈಗ ಅಳುತ್ತಾನೆ, ಹಲಗೆ ಅಳಿಸುತ್ತಾನೆ ಅಂದುಕೊಂಡೆ. ಒಂದು ಕ್ಷಣ ಮುಖ ಕೆಂಪಾಯಿತು. ಅಜ್ಜಿ ಏನೂ ಹೇಳದೆ ಕವಡೆಯನ್ನು ಇವನ ಕಡೆ ತಳ್ಳಿದರು. ಹಾಕಿದ. ಗರ ಬಿತ್ತು, ನಾಲ್ಕು. ಮತ್ತೆ ಶುರುವಾಯಿತು.

ಒಂದು ಗಂಟೆಗೆ ನಿಲ್ಲಿಸಿ ಮಂಡಕ್ಕಿ ಕೊಟ್ಟು ಕಳಿಸಿದೆ. ಹೋಗುವಾಗ ಆ ಹುಡುಗ ಕಂಪಾಸ್ ಬಾಕ್ಸ್ ವಾಪಸ್ ಕೊಟ್ಟ, ಅವರಮ್ಮ ಕಳಿಸಿದ್ದಂತೆ. ನನ್ನ ಮಗ "ಇಟ್ಕೋ" ಅಂದ. ನನಗೆ ಎದೆ ಧಸಕ್ಕೆಂದಿತು. ಆ ಹುಡುಗ "ಬೇಡ ಕಣೋ, ನನ್ ಹತ್ರ ಇದೆ" ಅಂದು ಚಪ್ಪಲಿ ಹಾಕ್ಕೊಂಡ.

ರಾತ್ರಿ ಪಂಚನಾಮೆ ಆಯಿತು. "ಯಾಕೆ ಇಟ್ಕೋ ಅಂದೆ?" ಅಂದರೆ ಇವನ ಉತ್ತರ, "ಎರಡು ಸಲ ಬೇಡ ಅನ್ಬೇಕಲ್ಲ ಅಮ್ಮಾ, ಅವನು ಒಂದೇ ಸಲ ಅಂದ." ಮಳೆಯವರ ಮಾತನ್ನು ನಾನು ಜೋರಾಗಿ ಓದಿದ್ದು ತಪ್ಪಾಯಿತು.

ಮಲ್ನಾಡ್ ಮಳೆ · 6:38

ಅಯ್ಯೋ ನಾನೇ ಆರೋಪಿ! 😂

ಕೋಲಾರದ ಅಪ್ಪ · 6:41

ಸಾಕ್ಷಿ ನಾನು ಹಾಕ್ತೀನಿ. ಮೇಡಂ, ಸೋಮವಾರ ಲಗೋರಿ ಏನಾಯಿತು ಅಂತ ಬರೆಯಿರಿ. ಮನೆಯ ಆಟ ಬೇರೆ, ಮೈದಾನ ಬೇರೆ.

ಗಂಗೋತ್ರಿ ಹಳಬಿ · 6:50

ಕೋಲಾರದವರು ಹೇಳಿದ್ದು ಸರಿ. ಅಲ್ಲಿ ಗುಂಪಿಗೆ ಸೇರುವ ಹೊತ್ತಿಗೆ ಒಂದೇ ಒಂದು ಅಭ್ಯಾಸ ಮಾಡಿಸಿ. ಓಡಿಹೋಗಿ ನಡುವೆ ನಿಲ್ಲೋದು ಬೇಡ. ಬದಿಯಲ್ಲಿ ನಿಂತು ನೋಡಲಿ. ಆಟ ಮುಗಿದು ಕಲ್ಲು ಮತ್ತೆ ಜೋಡಿಸುವಾಗ, ಆ ಹುಡುಗನ ಹತ್ತಿರ ಮಾತ್ರ, "ನಾನೂ ಬರ್ಲಾ?" ಅನ್ನಲಿ. ಎಲ್ಲರನ್ನೂ ಕೇಳಿದರೆ ಯಾರೋ ಒಬ್ಬ 'ಬೇಡ' ಅಂದೇ ಅನ್ನುತ್ತಾನೆ. ಬೇಡ ಅಂದರೂ ಅವತ್ತಿಗೆ ಅಷ್ಟೇ, ಕೊಡೋಕೆ ಜೇಬಿಗೆ ಕೈ ಹಾಕಬಾರದು.

ಲೆಕ್ಕ ಪಕ್ಕಾ · 6:55

ನಾಲ್ಕು ಬಿದ್ದರೆ ಇನ್ನೊಂದು ಸಲ ಹಾಕೋದು ಸರಿ. ಎಲ್ಲ ಬೋರಲು ಬಿದ್ದರೆ ಎಂಟು ಅಲ್ವಾ ನಿಮ್ಮಲ್ಲೂ? ಬಾರ ಅಂದರೆ ಹನ್ನೆರಡಾಗಬೇಕಿತ್ತು ಅಂತ ನನಗೆ ಚಿಕ್ಕಂದಿನಿಂದ ತಲೆ ಕೊರೀತಿದೆ.

ಚಾಕ್‌ಪೀಸ್ ಮೇಷ್ಟ್ರು · 7:02

ಏಳು ಮನೆ ಹಲಗೆಗೆ ಆರು ಕವಡೆ, ಅದರಲ್ಲಿ ಹನ್ನೆರಡು. ಐದು ಮನೆಗೆ ನಾಲ್ಕು ಕವಡೆ, ಎಂಟು. ನಮ್ಮ ಮನೆಯಲ್ಲಿ ಹೀಗೆ.

ಬೆಣ್ಣೆದೋಸೆ ಅಮ್ಮ · ಸೋಮವಾರ ಸಂಜೆ 5:45

ಇವತ್ತು ಕೇಳಿದನಂತೆ. "ಜಾಗ ಇಲ್ಲ" ಅಂದರಂತೆ. ಆ ಹುಡುಗ ಏನೂ ಮಾತಾಡಲಿಲ್ಲವಂತೆ. ಕಂಪಾಸ್ ಬಾಕ್ಸ್ ಮಾತ್ರ ಬ್ಯಾಗಿನಲ್ಲೇ ಇದೆ, ನಾನು ತೆಗೆದು ನೋಡಿದೆ.

ಈಗ ಫೋನ್ ಬಂತು. ಶನಿವಾರ ಅವನು ತಂಗಿಯನ್ನೂ ಕರ್ಕೊಂಡು ಬರ್ತಾನಂತೆ, ಚೌಕಾಬಾರ ಆಡಬೇಕಂತೆ. ಅಜ್ಜಿ ಸೇರಿ ನಾಲ್ಕು ಜನ ಆದರು. ಕಾಯಿಗೆ ಹುಣಸೆ ಬೀಜ ಇದೆ, ಬಳೆ ಚೂರು ಇದೆ, ಬಟನ್ ಇದೆ. ನಾಲ್ಕನೆಯವರಿಗೆ ಏನು ಇಡೋದು?

ಮಲ್ನಾಡ್ ಮಳೆ · 5:49

ಕಾಫಿ ಬೀಜ. ವಿಳಾಸ ಮೆಸೇಜ್ ಮಾಡಿ, ನಾಳೆಯೇ ಕಳಿಸ್ತೀನಿ. ಬೇಡ ಅನ್ನೋದಾದರೆ ಎರಡೇ ಸಲ.